ಖಾಲಿ ರಟ್ಟು

ಸೊಲ್ಲಾಪುರದ ಗುಜರಿಯಿಂದ ಬಂದ ಲ್ಯಾಪ್‌ಟಾಪು.
ಮುಚ್ಚಳದ ಮೇಲೆ ಯಾವುದೋ ಶಾಲೆಯ ಅರ್ಧ ಕಿತ್ತ ಚೀಟಿ.
ಎಡಗಡೆಯ ಶಿಫ್ಟ್ ಕೀ ಸತ್ತಿದೆ, ಹಾಗಾಗಿ ಅವಸರದಲ್ಲಿ
ಬನಹಟ್ಟಿಯ ಮಗ್ಗಗಳೆಲ್ಲ ನನ್ನ ಲೆಕ್ಕದಲ್ಲಿ ‘ಮಗ್ಗಗಲು’.

ಸೋಮವಾರ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೆ.
ಪರದೆ ಬಂತು, ದನಿ ಬಂತು,
ವೈಫೈ ಒಂದು ಬರಲಿಲ್ಲ.

ಕರಿ ಕಿಟಕಿಯಲ್ಲಿ ಬೆರಳಾಡಿಸಿ ಕೇಳಿದೆ:
ಯಾರ್ಯಾರು ಇದ್ದೀರಿ ಒಳಗೆ?
ಹಾಜರಿ ಕರೆದಂತೆ ಒಬ್ಬೊಬ್ಬರೇ ಹೇಳಿಕೊಂಡು ಬಂದರು.
ಹದಿನೇಳನೆಯ ಸಾಲಿನಲ್ಲಿ ಅದೂ ಇತ್ತು, ಬ್ರಾಡ್‌ಕಾಮ್.
ಇದ್ದೂ ಸುಮ್ಮನೆ ಯಾಕೆ ಕೂತಿದ್ದೀಯ ಮತ್ತೆ?
ಉತ್ತರ: ಫರ್ಮ್‌ವೇರ್ ಸಿಗಲಿಲ್ಲ,
ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ.

ನೀರು ಸೇದುವ ಹಗ್ಗ
ಬಾವಿಯೊಳಗೇ ಬಿದ್ದಿದೆ.

ಆಚೆ ಕೋಣೆಯಲ್ಲಿ ಮಲಕಾಜಪ್ಪ ಕಾಕಾ
ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಿದ್ದ.
ನಲವತ್ತು ವರ್ಷದಿಂದ ಅದೇ:
ತೂತಿದ್ದಲ್ಲಿ ಎಳೆ ಏಳಬೇಕು, ಇಲ್ಲದಲ್ಲಿ ಮಲಗಬೇಕು.
“ಏನಾತವಾ?”
“ಕಾರ್ಡು ಕೆಲಸ ಮಾಡವಲ್ದು ಕಾಕಾ.”
ಅದು ಅವನದೇ ಮಾತು. ಎದ್ದು ಬಂದ.
ಕನ್ನಡಕ ಹಣೆಗೇರಿಸಿ,
ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪಿನೊಳಗೆ
ಎರಡು ಬೆರಳಗಲದ ಹಸಿರು ಚೂರನ್ನು ಬಾಗಿ ನೋಡಿದ.
“ಇದರಾಗ ತೂತ ಇಲ್ಲಲ್ಲ!”
“ತೂತು ಬ್ಯಾರೆ ಕಡಿಂದ ಬರಬೇಕು.”
“ಹಂಗಾರ ಖಾಲಿ ರಟ್ಟು ಇದು.
ಖಾಲಿ ರಟ್ಟು ಹಾಕಿದ್ರ ಮಗ್ಗ ಓಡತೈತಿ,
ನವಿಲು ಬರೂದಿಲ್ಲ.”

ಮೂರು ರಾತ್ರಿ ಮೊಬೈಲಿನಲ್ಲಿ ನಾನು ಓದಿದ್ದೆಲ್ಲ
ಇಷ್ಟನ್ನೇ ಹೇಳುತ್ತಿತ್ತು, ಬಹಳ ಉದ್ದವಾಗಿ.

ನನ್ನ ಕೇಬಲ್ಲು ಚಾರ್ಜು ಒಯ್ಯುತ್ತದೆ, ಮಾತು ಒಯ್ಯುವುದಿಲ್ಲ.
ಮಗ್ಗ ರಿಪೇರಿಯ ರಿಯಾಜ ತನ್ನದು ಕೊಟ್ಟ,
ಎಣ್ಣೆಗೈಯಲ್ಲೇ, ನಾಳೆ ವಾಪಸ್ ಬೇಕು ಅಂತ ಎರಡು ಸಲ ಹೇಳಿ.
ಮೊಬೈಲಿನಲ್ಲಿ ಆ ದಿನಕ್ಕೆ ಉಳಿದದ್ದು ನಲವತ್ತು ಎಂಬಿ.
ಅದರಲ್ಲೇ ಇಳಿಯಿತು.
ಡ್ರೈವರನ್ನು ಇಳಿಸಿ ಮತ್ತೆ ಏರಿಸಿದೆ.
ಮೂಲೆಯಲ್ಲಿ ಬೀಸಣಿಗೆಯಂಥ ಒಂದು ಗುರುತು
ಮಡಿಕೆ ಬಿಚ್ಚಿತು.

ಅದರೊಳಗೆ ನಮ್ಮ ಓಣಿ!
ಕಂಬಳ್ಯಾರ ಕಿರಾಣಿ. ಸಾಯಿ ಸೈಜಿಂಗ್.
ಕೇಳಬ್ಯಾಡ ಕೊಡೂದಿಲ್ಲ.
ಗೋಡೆ ತೂರಿ ಇಷ್ಟೊಂದು ಹೆಸರು
ದಿನಾ ನಮ್ಮ ರೊಟ್ಟಿ ಹಂಚಿನ ಮೇಲೆ ಹಾದು ಹೋಗುತ್ತಿದ್ದವೇ?
ಎಲ್ಲಕ್ಕಿಂತ ಮೇಲೆ, ಪೂರ್ತಿ ನಾಲ್ಕು ಗೆರೆ,
ನೀಲಗಂಗಾ ಟಾಪ್ ಫ್ಲೋರ್.

ಎಲ್ಲ ಹೆಸರಿನ ಪಕ್ಕ ಒಂದೊಂದು ಬೀಗ.
ನಮ್ಮ ಮನೆಯಲ್ಲಿ ವೈಫೈಯೇ ಇಲ್ಲ ಅನ್ನುವುದು
ಆಗ ನೆನಪಾಯಿತು.
ಸಂಘದ ಲೆಕ್ಕ ಈ ರಾತ್ರಿಯೇ ಕಳಿಸಬೇಕು.
ನೀಲಗಂಗವ್ವನಿಗೂ ನಮಗೂ ನಡುವೆ ಒಂದೇ ಗೋಡೆ.
ಗಟಾರದ ನೀರಿನ ತಕರಾರಿಗೆ
ಎರಡು ವರ್ಷದಿಂದ ಮಾತಿಲ್ಲ.

ಕಾಕಾ ತನ್ನ ರಟ್ಟುಗಳ ಕಡೆ ಹೊರಟಿದ್ದ.
“ಕಾರ್ಡು ಸರಿ ಆತಲ್ಲ,” ಅಂದ ತಿರುಗದೆ,
“ಇನ್ನ ಎಳಿ ಕೂಡಸೂದು ನಿಂದು.”

ನಾನು ಕತ್ತಲಲ್ಲಿ ಚಪ್ಪಲಿ ಹುಡುಕಿದೆ.
ಒಂದೇ ಸಿಕ್ಕಿತು.