ಗೆರೆಯ ದಪ್ಪ

ನನ್ನ ಪೆನ್ನಿನ ಮೂತಿ ಅರ್ಧ ಮಿಲಿಮೀಟರು.
ನಕಾಶೆಯ ಅಳತೆ ಒಂದಕ್ಕೆ ನಾಲ್ಕು ಸಾವಿರ.
ಲೆಕ್ಕ ಹಾಕಿದರೆ ನಾನೆಳೆದ ಕೆಂಪು ಗೆರೆ
ನೆಲದ ಮೇಲೆ ಎರಡು ಮೀಟರ್ ಅಗಲ.
ಅಷ್ಟರಲ್ಲಿ ಒಂದು ಒಲೆ, ಒಂದು ರೊಟ್ಟಿಬುಟ್ಟಿ,
ಮೊಣಕಾಲು ಮಡಚಿದರೆ ಒಬ್ಬ ಮುದುಕ ಮಲಗಬಹುದು.

ಇಪ್ಪತ್ತಾರು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.
ಸಾಬಮ್ಮ ಕೇಳಿದಳು.
ಚಪ್ಪಲಿ ಹೊರಗೆ ಬಿಟ್ಟು, ನೋಟೀಸನ್ನು ಸೆರಗಿನಲ್ಲಿ ಸುತ್ತಿ,
ಯಾದಗಿರಿಯ ನಮ್ಮ ಕಚೇರಿಯ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು:
“ಈ ಗೆರಿ ನನ್ನ ಮನಿಗೆ ಎಲ್ಲಿ ಬಡೀತದ್ರಿ?
ಅಡಿಗಿಮನಿ ಹೊಳಿದಂತ, ಪಡಸಾಲಿ ನಂದಂತ.
ಹಂಗಾದ್ರ ನಡುವಿನ ಹೊಸ್ತಿಲ ಯಾರ್ದು?”

ನಾನು ನಿಯಮ ಓದಿ ಹೇಳಿದೆ.
ದಂಡೆಗೆ ಹತ್ತಿದ ಹಸಿರು ಪಟ್ಟಿಯಲ್ಲಿ ಏನೂ ಕಟ್ಟುವಂತಿಲ್ಲ.
ಅಲ್ಲಿಂದ ಕೆಂಪು ಗೆರೆಯ ತನಕ
ಹಳೆ ಗೋಡೆಗೆ ಸುಣ್ಣ ಬಳಿಯಬಹುದು,
ಬಿದ್ದರೆ ಮತ್ತೆ ಎಬ್ಬಿಸುವಂತಿಲ್ಲ.
ಗೆರೆಯಾಚೆಗಾದರೆ, ಬುನಾದಿ
ಗರಿಷ್ಠ ಪ್ರವಾಹ ಮಟ್ಟಕ್ಕಿಂತ ಎರಡಡಿ ಮೇಲೆ.

“ಮಟ್ಟ ಅಂದ್ರ?”
ನೀರು ಬಂದ ಎತ್ತರ, ಅಂದೆ.
ಅವಳು ಮೊದಲು ಸೊಂಟ ಮುಟ್ಟಿಕೊಂಡಳು, ಆಮೇಲೆ ಕೊರಳು.
“ಇದು ನನ್ನ ಮದುವಿ ವರ್ಷದ್ದು.
ಇದು ಮೊಮ್ಮಗ ಹುಟ್ಟಿದ ವರ್ಷದ್ದು. ಬರಕೋರಿ.”

ನಮ್ಮ ಫಾರಮಿನಲ್ಲಿ ಆ ಕಾಲಂ ಇಲ್ಲ.

*

ಇಲ್ಲಿ ಪ್ರವಾಹ ಬಿಸಿಲಲ್ಲಿ ಬರುತ್ತದೆ.
ಮೋಡವಿರುವುದಿಲ್ಲ, ತೊಗರಿ ಬಾಡುತ್ತಿರುತ್ತದೆ.
ಮೇಲೆಲ್ಲೋ ಉಜನಿಯಲ್ಲಿ ಬಾಗಿಲು ಎತ್ತಿದರಂತೆ ಎಂದು
ಡಂಗುರದವನು ಸಾರಿ ಹೋದ ಮೂರನೆಯ ದಿನ
ಅಂಗಳದಲ್ಲಿ ಹರವಿದ ಹೆಸರುಕಾಳಿನ ಅಂಚಿಗೆ
ಭೀಮೆ ಬಂದು ಕೂರುತ್ತಾಳೆ,
ಕರೆಯದೆ ಬಂದ ಬೀಗಿತ್ತಿಯ ಹಾಗೆ.

ಸಾಬಮ್ಮನ ಗಂಡ, ಅಂಬಿಗರ ಮಾಪಣ್ಣ,
ಪ್ರತಿ ಸಲವೂ ನೀರು ಇಳಿಯುವ ಮೊದಲು
ಬೇವಿನ ಮರಕ್ಕೆ ಒಂದು ಮೊಳೆ ಹೊಡೆಯುತ್ತಿದ್ದ.
ಐದು ಮೊಳೆ. ಎಲ್ಲಕ್ಕಿಂತ ಮೇಲಿನದಕ್ಕೆ
ಈಗ ಅವನ ಬಲೆ ನೇತು ಹಾಕಿದ್ದಾರೆ.
ಮರ ಎಷ್ಟೋ ಬೆಳೆದಿದೆ, ಮೊಳೆ ಜಾಗ ಬಿಟ್ಟಿಲ್ಲ.
ಸರ್ವೆಯವರು ಅದನ್ನು ದಾಖಲೆ ಅಂತ ಒಪ್ಪಲಿಲ್ಲ.

*

ಒಪ್ಪಿದ್ದರೆ ಗೆರೆ ನೆಟ್ಟಗೆ ಹೋಗುತ್ತಿತ್ತು,
ಸಾಬಮ್ಮನ ಒಲೆ ದಾಟಿ, ಹುಣಸೆಮರ ದಾಟಿ,
ಮೂರಂತಸ್ತಿನ ಕಲ್ಯಾಣಮಂಟಪದ
ಊಟದ ಹಾಲಿನ ನಟ್ಟನಡುವೆ.
ಮೊದಲ ಸಲ ನಾನು ಎಳೆದದ್ದೂ ಹಾಗೆಯೇ.

ಸಾಹೇಬರು ಚಹಾದ ಬಶಿಯನ್ನು ನಕಾಶೆಯ ಮೇಲಿಟ್ಟು
“ಇಲ್ಲಿ ಹೊಳಿ ಸ್ವಲ್ಪ ತಿರುಗ್ತದ, ನೋಡು” ಅಂದರು.
ಬಶಿಯ ಅಂಚಿನ ಗುಂಟ ಬೆರಳಾಡಿಸಿ ತೋರಿಸಿದರು.
ನಾನು ಈಜು ಕಲಿತದ್ದು ಆ ಮಡುವಿನಲ್ಲಿ.
ಹೊಳೆ ಅಲ್ಲಿ ತಿರುಗುವುದಿಲ್ಲ.
ಹೌದ್ರಿ ಸಾಹೇಬ್ರ, ಅಂದೆ.

ಟ್ರೇಸಿಂಗ್ ಹಾಳೆಯ ಮೇಲಿನ ಮಸಿ
ಒರೆಸಿದರೆ ಹೋಗುವುದಿಲ್ಲ.
ಬ್ಲೇಡು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು, ಕೆರೆಯಬೇಕು.
ಕೆರೆದೆ. ಕೆಂಪು ಪುಡಿಯನ್ನು ಊದಿದೆ.
ಅದೇ ಬಶಿ ಇಟ್ಟುಕೊಂಡು ಸುತ್ತು ಎಳೆದೆ.
ಕಂಪಾಸಿಗಿಂತ ಚೊಕ್ಕವಾಗಿ ಬಂತು.

*

ಸಾಬಮ್ಮನಿಗೆ ಇದನ್ನು ಹೇಳಲಿಲ್ಲ.
ಅವಳೂ ಮನೆ ಉಳಿಸಿಕೊಡಿ ಅಂತ ಕೇಳಲಿಲ್ಲ.
“ಅಲ್ಲಿ ಇರಬಾರ್ದು, ನಮಗೂ ಗೊತ್ತದ.
ನಾಕು ಸಲ ಕೋಳಿಬುಟ್ಟಿ ಹೊತ್ತು ಸಾಲಿ ಮಾಳಿಗಿ ಏರೀನಿ.
ಗೆರಿ ಎಳೀರಿ, ಬ್ಯಾಡ ಅನ್ನಂಗಿಲ್ಲ.
ಆದ್ರ ನೀರು ಹೋದಲ್ಲಿ ಎಳೀರಿ.
ಎಲ್ಲಾರ ಒಲಿ ಮ್ಯಾಲೂ ಎಳೀರಿ.”

ನೋಟೀಸು ಮುಟ್ಟಿದ್ದಕ್ಕೆ ಹೆಬ್ಬೆಟ್ಟು ಒತ್ತಿದಳು.
ಆ ನೀಲಿ ಗೆರೆಗಳು ನನ್ನ ಪೆನ್ನಿಗಿಂತ ತೆಳು,
ಒಂದರ ಮೇಲೊಂದು ಏರದೆ, ಒತ್ತೊತ್ತಾಗಿ,
ಇಳಿಯುವ ನೀರು ಗೋಡೆಯ ಮೇಲೆ ಬಿಡುವ ಗುರುತಿನ ಹಾಗೆ.
ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋದಳು.

ಸಂಜೆ ಎಲ್ಲರೂ ಎದ್ದ ಮೇಲೆ
ಹಾಳೆಯನ್ನು ಕಿಟಕಿಗೆ ಹಿಡಿದೆ.
ಹೊರಗೆ ಕೋಟೆಗುಡ್ಡದ ಮೇಲೆ ಇಳಿಬಿಸಿಲು.
ಇಡೀ ಪಟ್ಟಣ ಹಾಲು ಕಲಸಿದಂತೆ ಮಂಕು.
ಬಶಿಯ ತಿರುವಿನ ಪಕ್ಕ, ಕೆರೆದ ಕಡೆ ಮಾತ್ರ,
ಹಾಳೆ ಸವೆದು
ನೆಟ್ಟನೆಯ ಒಂದು ಗೆರೆ
ಬೆಳಕಿನಲ್ಲೇ ಎಳೆದಂತೆ ನಿಂತಿತ್ತು,
ಎರಡು ಮೀಟರ್ ಅಗಲ.