ಪುಟ ೧೨೭

ಕಾಮತರ ಬಾಡಿಗೆ ಪುಸ್ತಕದಂಗಡಿ ಮೋರ್ಗನ್ಸ್ ಗೇಟಿನ ಹತ್ತಿರ,
ಸೋಡಾ ಅಂಗಡಿಗೂ ಸೈಕಲ್ ರಿಪೇರಿಗೂ ನಡುವೆ
ಒಂದು ಬಾಗಿಲಿನಷ್ಟೇ ಅಗಲ.
ದಿನಕ್ಕೆ ಹತ್ತು ಪೈಸೆ. ಎಣ್ಣೆಯ ಕಲೆ ಬಿದ್ದರೆ ಹದಿನೈದು.
ನಾನು ಏಳನೇ ಕ್ಲಾಸು, ಎಪ್ಪತ್ತನಾಲ್ಕನೇ ಇಸವಿ,
ಲಂಗದ ಮಡಿಕೆಯಲ್ಲಿ ಒಂದು ಕೊಲೆ ಮುಚ್ಚಿಕೊಂಡು
ಜೆಪ್ಪಿನ ಇಳಿಜಾರು ಓಡುತ್ತಿದ್ದೆ.

ನಮ್ಮ ಜಗಲಿಯಲ್ಲಿ ನಾಲ್ಕು ತಡ್ಪೆ, ನಾಲ್ಕು ಕತ್ತರಿ.
ಸಾವಿರ ಬೀಡಿ ಆಗುವವರೆಗೆ ಯಾರೂ ಬೆನ್ನು ನೆಟ್ಟಗೆ ಮಾಡುವಂತಿಲ್ಲ.
ನನಗೊಬ್ಬಳಿಗೆ ರಜೆ, ಓದಿ ಹೇಳುವ ಕೆಲಸ.
"ಗಟ್ಟಿ ಓದು ಮಾರಾಯ್ತಿ, ಹೆಣಕ್ಕೂ ಕೇಳಬೇಕು"
ಅನ್ನುವಳು ಗುಲಾಬಿಯಕ್ಕ.

ಪುಸ್ತಕದೊಳಗೆ ಯಾವಾಗಲೂ ಮಧ್ಯರಾತ್ರಿ.
ಬಂಗಲೆ, ಟೆಲಿಫೋನು, ಉದ್ದ ಕೋಟು,
ಕಾರ್ಪೆಟ್ಟಿನ ಮೇಲೆ ಬೋರಲು ಬಿದ್ದ ರಾಯಬಹದ್ದೂರರು.
ಪತ್ತೇದಾರ ಯೋಚಿಸುವ ಮೊದಲು ಸಿಗರೇಟು ಹಚ್ಚುತ್ತಿದ್ದ.
"ಒಂದು ಬೀಡಿ ಸೇದಿದರೆ ಇವನ ಗಂಟೇನು ಹೋಗ್ತದೆ?"
ಹಲ್ಲಲ್ಲಿ ನೂಲು ಕಡಿದು ಕೇಳುವಳು ಮೊಂತಿಬಾಯಿ.
ಜಗಲಿಯೆಲ್ಲ ನಗು, ಹೊಗೆಸೊಪ್ಪಿನ ಪುಡಿ ಹಾರಿ
ನಗುವಿನ ಕೊನೆಗೆ ಎಲ್ಲರಿಗೂ ಸೀನು.

ಆಮೇಲೊಂದು ಪುಸ್ತಕ ಬಂತು, ಕೊನೆಯ ಹಾಳೆ ಇಲ್ಲದ್ದು.
ಪತ್ತೇದಾರ ಎಲ್ಲರನ್ನೂ ಹಾಲಿಗೆ ಕರೆಸಿದ, ಬಾಗಿಲು ಹಾಕಿಸಿದ,
"ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂದು ಬೆರಳೆತ್ತಿದ,
ಅಲ್ಲಿಗೆ ಪುಟ ನೂರ ಇಪ್ಪತ್ತಾರು.
ಮುಂದೆ ಬರೀ ರಟ್ಟು.

ಅರೆಗಳಿಗೆ ಜಗಲಿ ಸುಮ್ಮನಿತ್ತು.
ಮತ್ತೆ ಸುರುವಾಯಿತು ನೋಡಿ.
ಮ್ಯಾನೇಜರನೇ, ಅಂದಳು ಗುಲಾಬಿಯಕ್ಕ. ಲೆಕ್ಕ ಬರೆಯುವವನನ್ನು ನಂಬಬೇಡಿ,
ನಮ್ಮ ಬ್ರಾಂಚಿನವನು ಹಾಳು ಬೀಡಿ ಅಂತ ಎತ್ತಿಟ್ಟದ್ದನ್ನೇ
ರಾತ್ರಿ ಮಾರುವುದಿಲ್ಲವಾ?
ಬೀಪಾತುಮ್ಮನಿಗೆ ಡಾಕ್ಟರನ ಮೇಲೆ ಗುಮಾನಿ:
ಕರೆಯದೆ ಬರುವ ಡಾಕ್ಟರು ಎಲ್ಲಾದರೂ ಉಂಟಾ?
ಮೊಂತಿಬಾಯಿ ಹೆಂಡತಿಯ ಪರ ವಕೀಲಳಾದಳು.
ಕೊಂದರೂ ಕೊಂದಿರಲಿ, ಅವನ ಗುಣಕ್ಕೆ ಅದೇ ಸಮ.
ಆಗ ಅಮ್ಮ,
ಅಪ್ಪ ಧಕ್ಕೆಯಿಂದ ಮನೆಗೆ ಬಾರದ ವರ್ಷದಿಂದ
ಹೂಂ, ಊಹೂಂ ಬಿಟ್ಟು ಬೇರೆ ಮಾತಿಲ್ಲದ ಅಮ್ಮ,
ಕತ್ತರಿ ಕೆಳಗಿಟ್ಟು ಕೇಳಿದಳು:
"ರಕ್ತದ ಅಂಗಿ ಒಗೆದದ್ದು ಯಾರು?
ಅದನ್ನು ಕೇಳಲೇ ಇಲ್ಲವಲ್ಲ ಆ ಗಂಡಸು."
ಹಂಚಿನ ಕಾರ್ಖಾನೆಯ ಐದರ ಕೂಗು
ಆ ದಿನ ಯಾರಿಗೂ ಕೇಳಲಿಲ್ಲ.

ಅದರ ನಂತರ ಬಂದ ಪುಸ್ತಕಗಳಿಗೆಲ್ಲ ಕೊನೆಯ ಹಾಳೆ ಇರಲಿಲ್ಲ.
ಹೇಳಿಬಿಡುತ್ತೇನೆ, ಇಷ್ಟು ವರ್ಷದ ಮೇಲೆ ಯಾರು ಹಿಡಿಯುತ್ತಾರೆ:
ಇಳಿಜಾರಿನ ತಿರುವಿನಲ್ಲಿ, ಹಲಸಿನ ಮರದ ಮರೆಗೆ ನಿಂತು
ಹರಿಯುತ್ತಿದ್ದವಳು ನಾನು.
ಓದುತ್ತಿರಲಿಲ್ಲ, ದೇವರಾಣೆ. ಮಡಚಿ ತೋಡಿಗೆ ಹಾಕುತ್ತಿದ್ದೆ.
ಎಷ್ಟು ಕೊಲೆಗಾರರು ತಪ್ಪಿಸಿಕೊಂಡು
ನೇತ್ರಾವತಿಯ ಕಡೆ ತೇಲಿ ಹೋದರೋ.
ಅಪರಾಧಿ ಸಿಕ್ಕಿದ ಸಂಜೆ ಎಲ್ಲರೂ ತಡ್ಪೆ ಕೊಡವಿ ಏಳುತ್ತಿದ್ದರು.
ಸಿಗದ ಸಂಜೆ ಅಮ್ಮ ಮಾತಾಡುತ್ತಿದ್ದಳು.

ಒಂದು ದಿನ ಅಮ್ಮ ಪುಸ್ತಕ ಕೈಗೆ ತೆಗೆದುಕೊಂಡಳು.
ಅವಳಿಗೆ ಅಕ್ಷರ ಬಾರದು.
ಎಲೆಯ ನರ ಕತ್ತಲಲ್ಲೂ ಗೊತ್ತಾಗುವ ಹೆಬ್ಬೆರಳು
ಹರಿದ ಅಂಚಿನ ಮೇಲಿಂದ ಕೆಳಗೆ ನಿಧಾನ ಇಳಿಯಿತು.
ಪುಸ್ತಕವೆಲ್ಲ ಹೊಗೆಸೊಪ್ಪಿನ ಬಣ್ಣ,
ಅಂಚು ಮಾತ್ರ ಬೆಳ್ಳಗೆ, ಈಗಷ್ಟೇ ಬಿರಿದ ಹತ್ತಿ.
ನನ್ನ ಉಗುರು ನೋಡಿದಳು. ನನ್ನ ಮುಖ ನೋಡಿದಳು.
ಮತ್ತೆ ಆ ಮೂವರ ಕಡೆ ತಿರುಗಿ,
"ಹೂಂ, ಈ ಸಲ ಯಾರ ಮೇಲೆ ಸಂಶಯ ನಿಮಗೆಲ್ಲ?"

ಕಾಮತರು ನನ್ನನ್ನು ಒಮ್ಮೆಯೂ ಗದರಲಿಲ್ಲ.
ಪ್ರತಿ ಪುಸ್ತಕದ ಹಾಳೆ ಎಣಿಸಿ ತೆಗೆದುಕೊಳ್ಳುವ ಮನುಷ್ಯ.
ಶನಿವಾರ ಬ್ರಾಂಚಿಗೆ ಬೀಡಿ ಕೊಟ್ಟು ಬರುವಾಗ
ಅಮ್ಮನ ಮಜೂರಿಯಲ್ಲಿ
ಯಾವಾಗಲೂ ಐವತ್ತು ಪೈಸೆ ಕಡಿಮೆ ಇರುತ್ತಿತ್ತು.
ಕೇಳಿದರೆ, ಹರಿದ ಸೆರಗಿನ ತುದಿ ಗಂಟು ಹಾಕುತ್ತ,
"ಎಲ್ಲೋ ಬಿತ್ತು" ಅನ್ನುತ್ತಿದ್ದಳು.

ಮುಂದೆ ಬರೀ ರಟ್ಟು.