ಅಸಲು

ಪೈಪಂಗಡಿಯ ಬಿಲ್ ಪುಸ್ತಕದ ಬೆನ್ನ ಮೇಲೆ
ಮೂರು ದಿನದಿಂದ ಬರೆದು ಹೊಡೆದು ಹಾಕುತ್ತಿದ್ದೇನೆ.
ಬರೀ ಪೆಟ್ರೋಲಿನ ಗಾಡಿ ಲೀಟರಿಗೆ ಹದಿನಾಲ್ಕು ಕಿಲೋಮೀಟರು,
ಹೈಬ್ರಿಡ್ಡು ಇಪ್ಪತ್ತೆರಡು.
ಬೆಲೆಯಲ್ಲಿ ಅಂತರ ಮೂರು ಲಕ್ಷ ನಲವತ್ತು ಸಾವಿರ.
ಲೀಟರಿಗೆ ನೂರಾ ಮೂರು ಹಿಡಿದಿದ್ದೇನೆ, ಪೈಸೆ ಬಿಟ್ಟು.
ಪೈಸೆ ಎಣಿಸಿ ಯಾರೂ ಕಾರು ಕೊಂಡಿಲ್ಲ
ನಮ್ಮ ಶ್ರೀನಿವಾಸಪುರದಲ್ಲಿ.

"ಮೂರು ಲಕ್ಷ ಮೊದಲೇ ಸುರಿದು
ಆಮೇಲೆ ಹನಿಹನಿ ಉಳಿಸೋದಾ?" ಅಂದಳು ಸುಗುಣ,
ಅವರೆಕಾಳು ಹಿಸುಕುತ್ತ, ತಲೆಯೆತ್ತದೆ.
ಬಾಯಿ ಮುಚ್ಚಿಕೊಂಡೆ.
ಹನಿ ಮಾರುವವನು ನಾನು. ಮಾವಿನ ತೋಟದವರಿಗೆಲ್ಲ
ಡ್ರಿಪ್ಪು ಹಾಕಿಸುವಾಗ ಇದೇ ಮಾತು:
ಮೊದಲು ಹಾಕಿಸಿ ಅಣ್ಣಾ, ಉಳಿತಾಯ ಆಮೇಲೆ ಕಾಣುತ್ತೆ.
ಕಂಡವರು ತಿರುಗಿ ಬಂದು ಹೇಳಿದ್ದಿಲ್ಲ.
ಕಾಣದವರು ಬಂದಿದ್ದಾರೆ.

ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರು.
ಹಂಸಿನಿಯ ಸ್ಕೂಲು, ಚಿಂತಾಮಣಿಯ ಗೋಡೌನು,
ಮದುವೆ, ತಿಥಿ, ಒಂದು ತಿರುಪತಿ.
ಆಮೇಲೆ ಅಮ್ಮ:
ವಾರಕ್ಕೆ ಎರಡು ಸಲ ಟಮಕದ ಆಸ್ಪತ್ರೆ,
ಹೋಗಿ ಬಂದರೆ ಐವತ್ತು.
ವರ್ಷಕ್ಕೆ ಐದು ಸಾವಿರದ ಇನ್ನೂರು ಅವಳೊಬ್ಬಳದೇ.
ಅಸಲು ಗಿಟ್ಟಲು ಹತ್ತು ವರ್ಷ ಏಳು ತಿಂಗಳು.

ಅದನ್ನು ತೆಗೆದೂ ನೋಡಿದೆ.
ಯಾಕೆ ತೆಗೆದೆನೋ. ಅಂಗಡಿಯ ಅಭ್ಯಾಸ,
ಯಾವ ಲೆಕ್ಕವನ್ನೂ ಕೂಡಿಸಿಯೂ ಕಳೆದೂ ನೋಡುವುದು.
ಹದಿನೆಂಟು ವರ್ಷ ಎಂಟು ತಿಂಗಳು ಬಂತು.
ಪೆನ್ನನ್ನು ಅದರ ಮೇಲೆ ನಾಲ್ಕು ಸಲ ಎಳೆದೆ,
ಕಾಗದ ಹರಿಯುವಷ್ಟು.

ಭಾನುವಾರ ಕೋಲಾರದ ಶೋರೂಮಿಗೆ ಹೋದೆವು, ಓಡಿಸಿ ನೋಡಲು.
ಟೈ ಕಟ್ಟಿದ ಹುಡುಗ ಪಕ್ಕದಲ್ಲಿ ಕೂತು
"ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬುತ್ತೆ ಸಾರ್,
ವೇಸ್ಟಾಗಿ ಹೋಗೋದು ವಾಪಸ್ ಒಳಗೆ ಬರುತ್ತೆ" ಅಂದ.
"ನನ್ನ ರಕ್ತದಂಗೆ" ಅಂದಳು ಹಿಂದಿನ ಸೀಟಿನಿಂದ ಅಮ್ಮ.
ಅವನಿಗೆ ಅರ್ಥವಾಗಲಿಲ್ಲ, ನಕ್ಕ.
ಸಿಗ್ನಲಿನಲ್ಲಿ ಎಂಜಿನ್ನು ತಾನೇ ಸುಮ್ಮನಾಯಿತು.
ಎದುರಿಗೆ ಅಂತರಗಂಗೆ ಬೆಟ್ಟ, ಬಿಸಿಲು, ಎಳನೀರಿನ ಗಾಡಿ.
ಅಷ್ಟು ನಿಶ್ಶಬ್ದ ಕಾರಿನೊಳಗೆ ನಾವು ಕೇಳಿರಲಿಲ್ಲ.
"ನಿಂತೋಯ್ತಾ?" ಅಮ್ಮನ ದನಿ ಸಣ್ಣಗಾಗಿತ್ತು.
"ಇಲ್ಲಮ್ಮ, ನಡೀತಾ ಇದೆ."

ಮುನಿರತ್ನಮ್ಮ ಅಂದರೆ ಊರಿಗೆಲ್ಲ ಗೊತ್ತು.
ಅಂಚೆ ಕಚೇರಿಯ ಆರ್‌ಡಿ ಕಟ್ಟಿಸಿಕೊಳ್ಳುತ್ತ
ಇಪ್ಪತ್ತಾರು ವರ್ಷ ಮನೆಮನೆ ತಿರುಗಿದವಳು.
ಬಡ್ಡಿ ಅವಳ ಬೆರಳ ಗೆಣ್ಣಿನಲ್ಲೇ ಇದೆ.
ರಾತ್ರಿ ಊಟಕ್ಕೆ ಕೂತಾಗ ಬಿಲ್ ಪುಸ್ತಕ ಎಳೆದುಕೊಂಡಳು.
ಕನ್ನಡಕ ಹಾಕಿ ಓದಿದಳು,
ಬರೆದದ್ದನ್ನು, ಹೊಡೆದು ಹಾಕಿದ್ದನ್ನೂ.
ಮುದ್ದೆಯ ತುತ್ತು ನನ್ನ ಗಂಟಲಿನಲ್ಲೇ ನಿಂತಿತು.

"ಇಲ್ಲಿ ತಪ್ಪಿದೆ" ಅಂದಳು.
"ವಾರಕ್ಕೆ ಎರಡು ಅಂತ ಬರೆದಿದೀಯ.
ಮುಂದಿನ ತಿಂಗಳಿಂದ ಮೂರು ಅಂದಿದಾರೆ ಡಾಕ್ಟ್ರು.
ನಿಂಗೆ ಹೇಳಿರಲಿಲ್ಲ."
ಗೆಣ್ಣು ಎಣಿಸಿದಳು, ತುಟಿ ಅಲ್ಲಾಡಿತು,
ಸುಗುಣ ಸೌಟು ಹಿಡಿದೇ ನಿಂತಿದ್ದಳು.
"ಎಂಟು ವರ್ಷ ಎಂಟು ತಿಂಗಳು. ಮೊದಲಿಗಿಂತ ವಾಸಿ."

ನಾನು ಫೋನಿನಲ್ಲಿ ಒತ್ತಿ ನೋಡಿದೆ. ಸರಿಯಿತ್ತು.

"ಬ್ಯಾಟರಿಗೆ ಗ್ಯಾರಂಟಿ ಎಷ್ಟು ವರ್ಷವಂತೆ?"
"ಎಂಟು."
ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು.
"ಸಾಕು ಬಿಡು. ಉಳಿದ ಎಂಟು ತಿಂಗಳು
ಹೆಂಗೋ ತಳ್ಳಿದರಾಯ್ತು."